ಅಂಕಕ್ಕೆ ಕಟ್ಟದ ಪ್ರಾರ್ಥನೆ: ವಿದ್ಯಾರ್ಥಿಗಳಿಗೊಂದು ದಿನಚರಿ

ಪರೀಕ್ಷೆ ಹತ್ತಿರವಾದಾಗ ಹಾಲ್ ಟಿಕೆಟನ್ನು ದೇವರ ಮುಂದಿಟ್ಟು ಪೂಜಿಸುವುದು, ಇಂತಿಷ್ಟು ಅಂಕ ಬಂದರೆ ಇಂಥ ಸೇವೆ ಸಲ್ಲಿಸುವುದಾಗಿ ಹರಕೆ ಹೊರುವುದು, ಫಲಿತಾಂಶದ ಬಳಿಕ ಮುಂದಿನ ಪರೀಕ್ಷೆಯವರೆಗೆ ದೇವರಮನೆಯತ್ತ ತಿರುಗಿಯೂ ನೋಡದಿರುವುದು ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳಿರುವ ಅನೇಕ ಮನೆಗಳ ರೂಢಿಯಾಗಿದೆ. ಇದನ್ನೇ ಅಧ್ಯಾತ್ಮವೆಂದು ಭಾವಿಸಿ, ಇದರಿಂದ ಮನಸ್ಸಿಗೆ ನೆಮ್ಮದಿ ದೊರೆಯಲೆಂದು ಬಯಸುವವರಿಗೆ ದೊರೆಯುವುದು ಬಹುತೇಕ ಇನ್ನಷ್ಟು ಆತಂಕವೇ.

ಅಧ್ಯಾತ್ಮವೆಂದರೆ ತನಗಿಂತ ದೊಡ್ಡದಾದುದರೊಡನೆ ಮನುಷ್ಯ ಕಟ್ಟಿಕೊಳ್ಳುವ ಸಂಬಂಧ; ಅದು ಮತಧರ್ಮದ ಒಳಗಿರಬಹುದು, ಹೊರಗೂ ಇರಬಹುದು. ಮಾನಸಿಕ ಸ್ವಾಸ್ಥ್ಯವೆಂದರೆ ಕಾಯಿಲೆಯಿಲ್ಲದಿರುವುದಷ್ಟೇ ಅಲ್ಲ. ಮನೋವಿಜ್ಞಾನಿ ಕ್ಯಾರಲ್ ರಿಫ್ 1989ರಲ್ಲಿ ಅದಕ್ಕೆ ಆರು ಅಂಗಗಳನ್ನು ಗುರುತಿಸಿದ್ದು, ತನ್ನನ್ನು ತಾನು ಒಪ್ಪಿಕೊಳ್ಳುವುದು, ಬಾಳಿಗೊಂದು ಉದ್ದೇಶವಿರುವುದು, ಇತರರೊಡನೆ ಒಳ್ಳೆಯ ಬಾಂಧವ್ಯವಿರುವುದು ಅವುಗಳಲ್ಲಿ ಸೇರಿವೆ. ಅಧ್ಯಾತ್ಮದ ಅಭ್ಯಾಸವು ವಿದ್ಯಾರ್ಥಿಗೆ ನೆರವಾಗುವುದು ಮುಖ್ಯವಾಗಿ ಈ ಮೂರರ ಮೂಲಕವೇ.

ಅಭ್ಯಾಸಕ್ಕೆ ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ಅದು ದಿನವೂ ಒಂದೇ ಹೊತ್ತಿನಲ್ಲಿ ನಡೆಯಬೇಕು. ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲಿನ ಸಮಯ ಎಲ್ಲಕ್ಕಿಂತ ಅನುಕೂಲ. ಬ್ರಾಹ್ಮೀ ಮುಹೂರ್ತದ ಹೆಸರಿನಲ್ಲಿ, ನಡುರಾತ್ರಿಯವರೆಗೆ ಓದಿದ ಮಕ್ಕಳನ್ನು ನಾಲ್ಕು ಗಂಟೆಗೆ ಎಬ್ಬಿಸುವುದು ತಪ್ಪು. ನಿದ್ದೆಗೆಟ್ಟ ಮನಸ್ಸು ಧ್ಯಾನಕ್ಕೂ ಒದಗದು, ಓದಿಗೂ ಒದಗದು. ಪದ್ಮಾಸನವೇ ಬೇಕೆಂದಿಲ್ಲ, ಬೆನ್ನು ನೇರವಾಗಿದ್ದರೆ ಕುರ್ಚಿಯೂ ಆದೀತು. ಮೊದಲ ಎರಡು ನಿಮಿಷ ಉಸಿರನ್ನು ಸಹಜವಾಗಿ ಒಳಗೆಳೆದುಕೊಂಡು, ಅದಕ್ಕಿಂತ ತುಸು ನಿಧಾನವಾಗಿ ಹೊರಬಿಡಬೇಕು; ಕುಂಭಕವನ್ನು, ಅಂದರೆ ಉಸಿರನ್ನು ತಡೆಹಿಡಿಯುವ ಕ್ರಮವನ್ನು, ವಿಡಿಯೋ ನೋಡಿ ಕಲಿಯಲು ಹೊರಡಬಾರದು.

ಆಮೇಲಿನ ಹತ್ತು ನಿಮಿಷಕ್ಕೆ ಒಂದು ಆಲಂಬನ, ಅಂದರೆ ಮನಸ್ಸು ಹಿಡಿದು ನಿಲ್ಲಲು ಒಂದು ಆಧಾರ ಬೇಕಾಗುತ್ತದೆ. ಅದನ್ನು ಹೊರಗೆಲ್ಲೋ ಹುಡುಕುವುದಕ್ಕಿಂತ ಮನೆಯಲ್ಲಿ ಇರುವುದನ್ನೇ ಆರಿಸಿಕೊಳ್ಳುವುದು ಲೇಸು: ನಾಮಜಪವಾಗಬಹುದು, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿ ನೆಡುವುದಾಗಬಹುದು, ಬೆಳಗಿನ ನಮಾಜಾಗಬಹುದು, ಮೌನ ಪ್ರಾರ್ಥನೆಯಾಗಬಹುದು. ಜೈನರ ಸಾಮಾಯಿಕಕ್ಕೆ 48 ನಿಮಿಷದ ಅವಧಿಯಿರುವುದರಿಂದ ಅದನ್ನು ರಜಾದಿನಕ್ಕೆ ಇಟ್ಟುಕೊಳ್ಳಬಹುದು. ದೇವರಲ್ಲಿ ನಂಬಿಕೆಯಿಲ್ಲದ ವಿದ್ಯಾರ್ಥಿಗೆ ಉಸಿರೇ ಆಲಂಬನವಾಗಬಲ್ಲುದು. ಜಾನ್ ಕಬತ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆರಂಭಿಸಿದ ಎಂಟು ವಾರಗಳ ಧ್ಯಾನ ತರಬೇತಿಯು ಬೌದ್ಧ ಧ್ಯಾನದಿಂದ ಹುಟ್ಟಿದ್ದರೂ ಅದರಲ್ಲಿ ಮತದ ಕಟ್ಟುಪಾಡಿರಲಿಲ್ಲ. ಆಲಂಬನ ಯಾವುದಾದರೂ ಮನಸ್ಸು ನಡುವೆ ಓಡಿಯೇ ಓಡುತ್ತದೆ. ಅದು ಓಡಿದ್ದನ್ನು ಗಮನಿಸಿ, ಬೈದುಕೊಳ್ಳದೆ ಮರಳಿ ಕರೆತರುವುದೇ ಅಭ್ಯಾಸವಾದ್ದರಿಂದ, ಐವತ್ತು ಸಲ ಕರೆತಂದವರು ಸೋತಂತೇನೂ ಅಲ್ಲ. ಕೊನೆಯ ಮೂರು ನಿಮಿಷದಲ್ಲಿ ಆ ದಿನ ಮನಸ್ಸನ್ನು ಕಾಡುತ್ತಿರುವುದೇನು, ಯಾರಿಗೆ ಋಣಿ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದಿಡಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಅಭ್ಯಾಸವನ್ನು ಕೆಡಿಸುವುದು ದೇವರೊಡನೆ ನಡೆಸುವ ವ್ಯಾಪಾರ. ಮನೋವಿಜ್ಞಾನಿಗಳಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಮೈಕೆಲ್ ರಾಸ್ 1967ರಲ್ಲಿ ಧಾರ್ಮಿಕ ಮನೋಭಾವದಲ್ಲಿ ಎರಡು ಬಗೆಗಳನ್ನು ವಿಂಗಡಿಸಿದರು: ಧರ್ಮವನ್ನೇ ಬಾಳುವ ಆಂತರಿಕ ಬಗೆ, ಧರ್ಮವನ್ನು ಬೇರೊಂದು ಲಾಭಕ್ಕೆ ಬಳಸುವ ಬಾಹ್ಯ ಬಗೆ. ಅಂಕಕ್ಕೆ ಹರಕೆ ಹೊರುವ ವ್ಯಾಪಾರ ಈ ಬಾಹ್ಯ ಬಗೆಗೆ ಸೇರುತ್ತದೆ. ಸಂಕಟದಲ್ಲಿ ಜನರು ಧರ್ಮವನ್ನು ಹೇಗೆ ಆಶ್ರಯಿಸುತ್ತಾರೆಂಬುದನ್ನು ದೀರ್ಘಕಾಲ ಅಧ್ಯಯನ ಮಾಡಿದ ಕೆನೆತ್ ಪಾರ್ಗಮೆಂಟ್, ದೇವರು ಜೊತೆಗಿದ್ದಾನೆಂಬ ಭಾವವು ಸ್ವಾಸ್ಥ್ಯದೊಡನೆಯೂ, ಒದಗಿದ ಕಷ್ಟವು ದೇವರ ಶಿಕ್ಷೆಯೆಂಬ ಭಾವವು ಖಿನ್ನತೆ, ಆತಂಕಗಳೊಡನೆಯೂ ಹೆಣೆದುಕೊಂಡಿರುವುದನ್ನು ತೋರಿಸಿದ್ದಾರೆ. ಅಂಕಕ್ಕಾಗಿ ಪ್ರಾರ್ಥಿಸಿದ ವಿದ್ಯಾರ್ಥಿ, ಅಂಕ ಕಡಿಮೆಯಾದ ದಿನ ಈ ಶಿಕ್ಷೆಯ ಭಾವಕ್ಕೆ ಸುಲಭವಾಗಿ ಜಾರುತ್ತಾನೆ. ಓದು ಸಾಲದಾಯಿತೆಂಬ, ತಿದ್ದಿಕೊಳ್ಳಬಹುದಾದ ಕೊರತೆಯು ದೇವರೇ ಕೈಬಿಟ್ಟನೆಂಬ, ತಿದ್ದಲಾಗದ ತೀರ್ಪಾಗಿಬಿಡುತ್ತದೆ. ಆ ಹೊತ್ತಿನಲ್ಲಿ ತಾಯಿತಂದೆಯರು ‘ಭಕ್ತಿಯಿಂದ ಪೂಜೆ ಮಾಡಲಿಲ್ಲ, ಅದಕ್ಕೇ ಹೀಗಾಯಿತು’ ಎಂದರೆ ಅದಕ್ಕಿಂತ ಕ್ರೂರವಾದ ಮಾತು ಇನ್ನೊಂದಿಲ್ಲ.

ಇದನ್ನು ಸರಿಪಡಿಸಲು ಪ್ರಾರ್ಥನೆಯ ಮಾತನ್ನೇ ಬದಲಿಸಬೇಕಾಗುತ್ತದೆ. ತೊಂಬತ್ತು ಬರಲಿ ಎಂದು ಕೇಳುವ ಬದಲು, ಓದಿದ್ದು ನೆನಪಿಗೆ ಬರುವಷ್ಟು ಸ್ಥಿರತೆಯಿರಲಿ, ಬಂದದ್ದನ್ನು ಎದುರಿಸುವ ಧೈರ್ಯವಿರಲಿ ಎಂದು ಕೇಳಬಹುದು. ಫಲಿತಾಂಶ ಹೇಗೇ ಬಂದರೂ ಅದೇ ಮಾತನ್ನು ಮರುದಿನವೂ ಹೇಳಲು ಸಾಧ್ಯವಾದರೆ ಆ ಪ್ರಾರ್ಥನೆ ಸರಿಯಾಗಿದೆಯೆಂದು ತಿಳಿಯಬಹುದು. ಶರಣರು ಕಾಯಕವನ್ನೇ ಪೂಜೆಯೆಂದು ಕಂಡಂತೆ ಓದನ್ನೂ ಕಾಣಲು ಸಾಧ್ಯವಿದೆ. ಹರಕೆಯನ್ನು ಈಗಾಗಲೇ ಹೊತ್ತಿದ್ದರೆ, ಫಲಿತಾಂಶ ಏನೇ ಆದರೂ ಅದನ್ನು ಸಲ್ಲಿಸುವುದಾಗಿ ಹಿರಿಯರು ಪರೀಕ್ಷೆಗೆ ಮೊದಲೇ ಮಗುವಿಗೆ ಹೇಳಿಬಿಡಬೇಕು; ಆ ಒಂದು ಮಾತಿನಿಂದ ಮಗುವಿನ ಹೆಗಲ ಭಾರ ಅರ್ಧ ಇಳಿಯುತ್ತದೆ.

ಅಭ್ಯಾಸಕ್ಕೆ ಮಿತಿಯೂ ಇದೆ. ಕೆಲವರಿಗೆ ಕಣ್ಣು ಮುಚ್ಚಿ ಕುಳಿತಾಗ ತಳಮಳ ಹೆಚ್ಚಾಗುತ್ತದೆ. ಅಂಥವರು ಒತ್ತಾಯದಿಂದ ಮುಂದುವರಿಸಬಾರದು. ದುಃಖ, ನಿರಾಸಕ್ತಿ, ನಿದ್ರಾಹೀನತೆಗಳು ಎರಡು ವಾರ ಬಿಡದೆ ಕಾಡಿದರೆ ವೈದ್ಯರನ್ನು ಕಾಣಬೇಕು, ಸಾಯುವ ಯೋಚನೆ ಒಮ್ಮೆ ಸುಳಿದರೂ ಅದೇ ದಿನ ಯಾರಿಗಾದರೂ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಅದು ದಿನದ 24 ಗಂಟೆಯೂ ಲಭ್ಯವಿದ್ದು, ಕರೆಗೆ ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.