ಸಿಲಿಕೋನ್ ಹಚ್ಚಿದರೆ ಕಾರಿನ ಬಣ್ಣ ಹಾಳಾಗುತ್ತದೆಯೇ?

ಪ್ರಶ್ನೆ: ಕಾರಿಗೆ ಹಚ್ಚಲು ಪೇಂಟ್ ಸೀಲಂಟ್ ತಂದಿದ್ದೇನೆ. ನಮ್ಮ ಗ್ಯಾರೇಜಿನ ಪೇಂಟರ್ ನೋಡಿ, ‘ಇದರಲ್ಲಿ ಸಿಲಿಕೋನ್ ಇದೆ ಸಾರ್, ಬೇಡ’ ಎಂದರು. ಅಂಗಡಿಯವರು ಏನೂ ಆಗಲ್ಲ ಎನ್ನುತ್ತಾರೆ. ಯಾರನ್ನು ನಂಬಲಿ?
– ಓದುಗರು, ಹಾಸನ

ಉತ್ತರ: ಧೈರ್ಯವಾಗಿ ಹಚ್ಚಿ. ಸಿಲಿಕೋನ್ ಒಣಗಿದ ಬಣ್ಣವನ್ನು ತಿನ್ನುವುದಿಲ್ಲ. ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದು ಪೋಣಿಸಿಕೊಂಡ ಸರಪಳಿ ಅದು. ಹೊರಮೈಯಲ್ಲಿ ಮಿಥೈಲ್ ಗುಂಪುಗಳಿರುವುದರಿಂದ ನೀರನ್ನು ಹತ್ತಿರ ಸೇರಿಸುವುದಿಲ್ಲ. ಮಳೆಹನಿ ಉಂಡೆಗಟ್ಟಿ ಜಾರುವುದು ಅದಕ್ಕೇ. ಬರೀ ಸಿಲಿಕೋನ್ ಎಣ್ಣೆಯಾದರೆ ಕೆಲವೇ ವಾಶ್‌ಗೆ ಹೋಗಿಬಿಡುತ್ತದೆ. ಒಳ್ಳೆಯ ಸೀಲಂಟಿನಲ್ಲಿ ಅಮೈನೊ ಗುಂಪು ಜೋಡಿಸಿದ ಸಿಲಿಕೋನ್ ಇರುತ್ತದೆ, ಅದು ಬಣ್ಣದ ಮೈಗೆ ಕಚ್ಚಿಕೊಂಡು ಹೆಚ್ಚು ಕಾಲ ಉಳಿಯುತ್ತದೆ.

ಹಾಗೆಂದು ನಿಮ್ಮ ಪೇಂಟರ್ ಸುಮ್ಮನೆ ಹೇಳಿದ್ದಲ್ಲ. ಅವರಿಗೆ ತೊಂದರೆ ಬರುವುದು ಮುಂದೆ ಡೆಂಟ್ ತೆಗೆದು ಹೊಸ ಬಣ್ಣ ಹೊಡೆಯುವಾಗ. ಹಸಿ ಬಣ್ಣ ಸಿಲಿಕೋನ್ ಇರುವ ಜಾಗದಿಂದ ಸರಿದುಕೊಂಡು ದುಂಡನೆಯ ಗುಳಿ ಬೀಳುತ್ತದೆ. ಇದೇ ಪೇಂಟರ್‌ಗಳು ಹೇಳುವ ‘ಫಿಶ್ ಐ’. ಕಣ್ಣಿಗೆ ಕಾಣದಷ್ಟು ಸಿಲಿಕೋನ್ ಇದ್ದರೂ ಸಾಕು, ದಿನದ ಕೆಲಸವೆಲ್ಲ ಮತ್ತೆ ಮೊದಲಿನಿಂದ. ಆದ್ದರಿಂದ ಸೀಲಂಟ್ ಹಚ್ಚಿದ್ದನ್ನು ಅವರಿಗೆ ಮೊದಲೇ ತಿಳಿಸಿ. ಉಜ್ಜುವ ಮುನ್ನವೇ ವ್ಯಾಕ್ಸ್-ಗ್ರೀಸ್ ರಿಮೂವರ್‌ನಿಂದ ಒರೆಸಬೇಕು; ಮೊದಲು ಎಮರಿ ಕಾಗದ ಹಿಡಿದರೆ ಸಿಲಿಕೋನ್ ಗೀರುಗಳೊಳಗೆ ಇಳಿಯುತ್ತದೆ.

ಪ್ರಶ್ನೆ: ನಮ್ಮವರು ಶೆಡ್ಡಿನೊಳಗೇ ಕಾರಿಗೆ ಸಿಲಿಕೋನ್ ಸ್ಪ್ರೇ ಮಾಡುತ್ತಾರೆ. ಮಕ್ಕಳು ಅಲ್ಲೇ ಆಡುತ್ತಿರುತ್ತಾರೆ. ಅದು ವಿಷವೇ?
– ಓದುಗರು, ದಾವಣಗೆರೆ

ಉತ್ತರ: ಸಿಲಿಕೋನ್ ಕೈಗೆ ತಾಗಿದರೆ ಭಯವಿಲ್ಲ. ಹೊಟ್ಟೆಯುಬ್ಬರಕ್ಕೆ ಕೊಡುವ ಸಿಮೆಥಿಕೋನ್ ಮಾತ್ರೆಯೂ ಇದೇ ಕುಟುಂಬದ್ದು. ನನಗೆ ಚಿಂತೆಯಿರುವುದು ಸ್ಪ್ರೇಯ ಸಣ್ಣ ಹನಿಗಳ ಬಗ್ಗೆ ಮತ್ತು ಜೊತೆಗಿರುವ ಪೆಟ್ರೋಲಿಯಂ ದ್ರಾವಕಗಳ ಬಗ್ಗೆ. ಆ ಹನಿಗಳು ಶ್ವಾಸಕೋಶದ ಒಳಗೆ ಹೋಗಬಲ್ಲವು. ದ್ರಾವಕದ ಆವಿಗೆ ಬೆಂಕಿ ತಗುಲಬಹುದು. ಶೆಡ್ಡಿನಿಂದ ಕಾರು ಹೊರಗೆ ತೆಗೆಸಿ, ಮಕ್ಕಳನ್ನು ದೂರವಿಡಿ, ಕಾರಿನ ಮೇಲೆ ಹೊಡೆಯದೆ ಬಟ್ಟೆಗೆ ಹೊಡೆದು ಒರೆಸಲು ಹೇಳಿ. ಸೆರಾಮಿಕ್ ಕೋಟಿಂಗ್ ಆದರೆ ಗ್ಲೌಸ್ ಬೇಕೇ ಬೇಕು. ಅವುಗಳಲ್ಲಿ ಕೆಲವು ತೇವ ತಾಗಿ ಗಟ್ಟಿಯಾಗುವಾಗ ಅಮೋನಿಯ ಬಿಡುತ್ತವೆ.

ಮಾಲಿನ್ಯದ ಪ್ರಶ್ನೆ ಬೇರೆ. ಸಿಲಿಕೋನ್ ತಯಾರಿಕೆಯಲ್ಲಿ ಉಳಿಯುವ ಡಿ4, ಡಿ5 ಎಂಬ ಉಂಗುರಾಕಾರದ ಅಣುಗಳು ಪರಿಸರದಲ್ಲಿ ಬೇಗ ವಿಘಟನೆಯಾಗದ ಕಾರಣ, ತೊಳೆದುಬಿಡುವ ಸೌಂದರ್ಯವರ್ಧಕಗಳಲ್ಲಿ ಅವುಗಳನ್ನು ಯುರೋಪಿನ ಒಕ್ಕೂಟ 2020ರಿಂದ ಶೇ 0.1ಕ್ಕೆ ಮಿತಿಗೊಳಿಸಿದೆ. ಆದ್ದರಿಂದ ಒರೆಸಿದ ಬಟ್ಟೆಯ ನೀರನ್ನು ಚರಂಡಿಗೆ ಬಿಡಬೇಡಿ.

ಇನ್ನೊಂದು ಮಾತು, ಇಬ್ಬರಿಗೂ. ಬ್ರೇಕ್ ಡಿಸ್ಕ್, ಸ್ಟೀರಿಂಗ್, ಪೆಡಲ್, ಬೈಕಿನ ಟೈರು – ಇವುಗಳ ಮೇಲೆ ಸಿಲಿಕೋನಿನ ಒಂದು ಹನಿಯೂ ಬೀಳಬಾರದು. ನೆಲದ ಟೈಲ್ಸ್ ಮೇಲೆ ಚೆಲ್ಲಿದರೆ ಒಡನೆ ಸೋಪು ಹಾಕಿ ತೊಳೆಯಿರಿ.