ಗೌಜಲಹಕ್ಕಿಯನ್ನು ಕೈಯಿಂದಲೇ ಅಡುಗೆಗೆ ಅಣಿಗೊಳಿಸುವ ಕ್ರಮ

ಹೊಲದ ಬದುವಿನಲ್ಲಿ ಉರುಳು ಒಡ್ಡಿ ಗೌಜಲ, ಲಾವಕ್ಕಿ ಹಿಡಿದು, ಅಲ್ಲೇ ಪುಕ್ಕ ತರಿದು, ರಾತ್ರಿ ಮೆಣಸಿನ ಸಾರಿಗೆ ಹಾಕುತ್ತಿದ್ದ ಕಾಲವನ್ನು ಹಿರಿಯ ರೈತರು ಬಲ್ಲರು. ಆ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾದ ಮೇಲೆ ಹೊಲ ಕಾಡುಗಳ ಈ ಹಕ್ಕಿಗಳನ್ನು ಬೇಟೆಯಾಡಲು ಪರವಾನಗಿಯೂ ಸಿಗುವುದಿಲ್ಲ. ಅವನ್ನು ಹಿಡಿಯುವುದೂ ಮಾರುವುದೂ ಅಪರಾಧ. ಸಂತೆಯ ಮೂಲೆಯಲ್ಲಿ ಕದ್ದು ಮಾರುವ ಹಕ್ಕಿಯನ್ನು ಕೊಳ್ಳಲೂಬಾರದು. ಕಾಯಿದೆಯ ಮಾತು ಹಾಗಿರಲಿ, ಕೀಟನಾಶಕ ಸಿಂಪಡಿಸಿದ ಹೊಲದಲ್ಲಿ ಅಥವಾ ಔಷಧಿ ಲೇಪಿಸಿದ ಬೀಜ ಬಿತ್ತಿದ ಸಾಲಿನಲ್ಲಿ ಮೇಯ್ದ ಹಕ್ಕಿಯ ಹೊಟ್ಟೆಯಲ್ಲಿ ವಿಷವಿರಬಹುದು. ಹೊಲದಲ್ಲಿ ಸತ್ತು ಬಿದ್ದ ಅಥವಾ ತೂರಾಡುವ ಹಕ್ಕಿಯನ್ನು ಎಂದಿಗೂ ಅಡುಗೆಮನೆಗೆ ತರಬೇಡಿ.

ಹಾಗೆಂದು ಹಿರಿಯರ ಕೈಚಳಕ ವ್ಯರ್ಥವಾಗಬೇಕಾಗಿಲ್ಲ. 1974ರಲ್ಲಿ ಉತ್ತರ ಪ್ರದೇಶದ ಇಜತ್‌ನಗರಕ್ಕೆ ತರಲಾದ ಜಪಾನಿ ತಳಿಯ ಗೌಜಲಹಕ್ಕಿ ಇಂದು ನಮ್ಮ ರೈತರ ಹಿತ್ತಿಲಿಗೂ ಬಂದಿದೆ. ಇದು ಐದು ಆರು ವಾರಗಳಲ್ಲಿಯೇ ಮಾಂಸಕ್ಕೆ ಸಿದ್ಧವಾಗುತ್ತದೆ. ಸುಮಾರು 200 ಗ್ರಾಂ ತೂಗುವ ಹಕ್ಕಿಯಿಂದ 130ರಿಂದ 140 ಗ್ರಾಂ ಮಾಂಸ ದೊರೆಯುತ್ತದೆ. ಮರಿ ಅಥವಾ ಹಕ್ಕಿ ಕೊಂಡಾಗ ರಸೀದಿ ಪಡೆದು ಇಟ್ಟುಕೊಳ್ಳಿ. ಸಾಕಿದ ಹಕ್ಕಿ ಎಂಬುದಕ್ಕೆ ಅದೇ ಆಧಾರ.

ಆದರೆ ಕೋಳಿಯನ್ನು ಶುಚಿಮಾಡಿದಂತೆ ಇದನ್ನು ಮಾಡಲು ಹೋದರೆ ಕೆಲಸ ಕೆಡುತ್ತದೆ. ಇದರ ಚರ್ಮ ಬಹಳ ತೆಳು. ಕುದಿನೀರು ತಗುಲಿದರೆ ಬೇಯುತ್ತದೆ, ಒರಟಾಗಿ ಎಳೆದರೆ ಹರಿಯುತ್ತದೆ. ಚರ್ಮ ಹರಿದು, ಪಿತ್ತ ಒಡೆದು ಕಹಿಯಾದ ಹಕ್ಕಿಯನ್ನು ಗಿರಾಕಿ ಎರಡನೆಯ ಸಲ ಕೇಳುವುದಿಲ್ಲ. ಒಂದೂವರೆ ತಿಂಗಳು ಸಾಕಿದ ಶ್ರಮ ಹತ್ತು ನಿಮಿಷದಲ್ಲಿ ನಷ್ಟವಾಗುತ್ತದೆ.

ಪೂರ್ವ ಸಿದ್ಧತೆ

ಲವಲವಿಕೆಯಿಂದ ಓಡಾಡುವ, ಕಣ್ಣು ಹೊಳೆಯುವ ಹಕ್ಕಿಯನ್ನೇ ಆರಿಸಬೇಕು. ಕೊಯ್ಯುವ ನಾಲ್ಕೈದು ಗಂಟೆ ಮೊದಲು ಆಹಾರ ನಿಲ್ಲಿಸಿ, ನೀರು ಮಾತ್ರ ಕೊಡಿ. ಕರುಳು ಖಾಲಿಯಿದ್ದರೆ ಮಾಂಸಕ್ಕೆ ಹೊಲಸು ತಗಲುವುದು ಕಡಿಮೆ. ಹರಿತವಾದ ಸಣ್ಣ ಚಾಕು, ಒಳ್ಳೆಯ ಕತ್ತರಿ, ಎರಡು ಪಾತ್ರೆ, ಶುದ್ಧ ನೀರು ಮತ್ತು ಮಂಜುಗಡ್ಡೆ ಹತ್ತಿರವಿರಲಿ. ಮೊದಲು ಕೈಗಳನ್ನು ಸೋಪು ಹಚ್ಚಿ ತೊಳೆದುಕೊಳ್ಳಿ.

ಕೊಯ್ಯುವುದು

ರೆಕ್ಕೆಗಳು ಬಡಿಯದಂತೆ ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು, ತಲೆ ಕೆಳಗೆ ಮಾಡಿ, ದವಡೆಯ ಕೆಳಗೆ ಕತ್ತಿನ ರಕ್ತನಾಳಗಳು ಒಂದೇ ಸಲಕ್ಕೆ ತುಂಡಾಗುವಂತೆ ಕೊಯ್ಯಬೇಕು. ಮೊಂಡು ಚಾಕಿನಿಂದ ಹಕ್ಕಿಗೆ ಹಿಂಸೆ, ಮಾಂಸಕ್ಕೂ ಕೇಡು. ಎರಡು ನಿಮಿಷ ತಲೆಕೆಳಗಾಗಿಯೇ ಹಿಡಿದು ರಕ್ತ ಪೂರ್ತಿ ಸುರಿಯಲು ಬಿಡಿ. ರಕ್ತ ಉಳಿದ ಮಾಂಸ ಕಪ್ಪಾಗಿ ಬೇಗ ಕೆಡುತ್ತದೆ.

ಪುಕ್ಕ ತೆಗೆಯುವುದು

ನೀರು 53ರಿಂದ 55 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದರೆ ಸಾಕು. ಉಷ್ಣಮಾಪಕ ಇಲ್ಲದವರು ಕುದಿಯುವ ನೀರು 2 ಚೆಂಬಿಗೆ ಸಾಧಾರಣ ತಣ್ಣೀರು 3 ಚೆಂಬು ಬೆರೆಸಿದರೆ ಹೆಚ್ಚು ಕಡಿಮೆ ಇದೇ ಹದ ಸಿಗುತ್ತದೆ. ಕಾಲು ಹಿಡಿದು ಹಕ್ಕಿಯನ್ನು ಈ ನೀರಿನಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ ಆಡಿಸಿ. ರೆಕ್ಕೆಯ ದೊಡ್ಡ ಗರಿ ಸಲೀಸಾಗಿ ಕಿತ್ತು ಬಂದರೆ ಹದವಾಯಿತೆಂದು ತಿಳಿಯಿರಿ. ನಾಲ್ಕೈದು ಹಕ್ಕಿ ಅದ್ದಿದ ಮೇಲೆ ನೀರು ಆರುವುದರಿಂದ ಮತ್ತೆ ಬಿಸಿನೀರು ಸೇರಿಸಬೇಕು. ನೀರು ಹೊಲಸಾದರೆ ಪೂರ್ತಿ ಬದಲಾಯಿಸಬೇಕು.

ಮೊದಲು ರೆಕ್ಕೆ ಮತ್ತು ಬಾಲದ ಗರಿಗಳನ್ನು ಒಂದೊಂದಾಗಿ ಕೀಳಿ. ಅನಂತರ ಎಡಗೈ ಬೆರಳುಗಳಿಂದ ಚರ್ಮವನ್ನು ಬಿಗಿಯಾಗಿ ಒತ್ತಿ ಹಿಡಿದು, ಬಲಗೈಯಿಂದ ಸ್ವಲ್ಪ ಸ್ವಲ್ಪವೇ ಪುಕ್ಕಗಳನ್ನು ಅವು ಮಲಗಿರುವ ದಿಕ್ಕಿಗೇ ಎಳೆಯಿರಿ. ಎದೆಯ ಭಾಗದಲ್ಲಿ ಅವಸರ ಬೇಡ, ಚರ್ಮ ಹರಿಯುವುದು ಅಲ್ಲಿಯೇ. ಉಳಿದ ನವುರು ಕೂದಲನ್ನು ಉರಿಯ ಮೇಲೆ ಬೇಗನೆ ಆಡಿಸಿ ಸುಟ್ಟು, ಒದ್ದೆ ಬಟ್ಟೆಯಿಂದ ಒರೆಸಿ. ಚರ್ಮ ಬೇಡವೆನ್ನುವವರು ನೀರಿಗೆ ಅದ್ದಬೇಕಾಗಿಲ್ಲ. ಎದೆಯ ಮೇಲೆ ಚರ್ಮವನ್ನು ಸಣ್ಣಗೆ ಸೀಳಿ, ಪುಕ್ಕ ಸಹಿತ ಹೆಬ್ಬೆರಳಿನಿಂದ ಸುಲಿದುಬಿಡಬಹುದು. ಆದರೆ ತೂಕ ಕಡಿಮೆಯಾಗುತ್ತದೆ, ಹುರಿಯುವಾಗ ಮಾಂಸ ಬೇಗ ಒಣಗುತ್ತದೆ.

ಒಳಭಾಗ ಶುಚಿಮಾಡುವುದು

ತಲೆಯನ್ನೂ, ಪುಕ್ಕ ಮುಗಿದು ಬರಿಗಾಲು ಶುರುವಾಗುವ ಕೀಲಿನಲ್ಲಿ ಕಾಲುಗಳನ್ನೂ ಕತ್ತರಿಸಿ. ಬಾಲದ ಬುಡದ ಮೇಲಿರುವ ಸಣ್ಣ ಎಣ್ಣೆ ಗ್ರಂಥಿಯನ್ನು ತಪ್ಪದೆ ತೆಗೆಯಿರಿ, ಅದರಿಂದ ಸಾರಿಗೆ ವಾಸನೆ ಬರುತ್ತದೆ. ಕತ್ತಿನ ಬುಡದಲ್ಲಿ ಚರ್ಮ ಬಿಡಿಸಿ ಕಾಳಿನ ಚೀಲವನ್ನೂ ಶ್ವಾಸನಾಳವನ್ನೂ ಎಳೆದು ತೆಗೆಯಿರಿ.

ಆಮೇಲೆ ಗುದದ್ವಾರದ ಸುತ್ತ ಕತ್ತರಿಯ ತುದಿಯಿಂದ ಕರುಳಿಗೆ ತಗಲದಂತೆ ಸಣ್ಣದಾಗಿ ಕತ್ತರಿಸಿ. ತೋರುಬೆರಳನ್ನು ಎದೆಗೂಡಿನ ಮೇಲ್ಭಾಗಕ್ಕೆ ಒತ್ತಿಕೊಂಡೇ ಒಳಗೆ ಹಾಯಿಸಿ, ಎಲ್ಲ ಅಂಗಗಳನ್ನೂ ಒಂದೇ ಸಲ ಮೆಲ್ಲಗೆ ಹೊರಗೆಳೆಯಿರಿ. ಲಿವರ್‌ಗೆ ಅಂಟಿರುವ ಹಸಿರು ಬಣ್ಣದ ಪಿತ್ತದ ಚೀಲ ಒಡೆಯಬಾರದು. ಒಡೆದರೆ ಕೂಡಲೇ ತೊಳೆದು, ಹಸಿರಾದ ಭಾಗವನ್ನು ಕತ್ತರಿಸಿ ಬಿಸಾಡಿ. ಪಕ್ಕೆಲುಬುಗಳ ನಡುವೆ ಅಂಟಿದ ಶ್ವಾಸಕೋಶವನ್ನು ಉಗುರಿನ ತುದಿಯಿಂದ ಕೆರೆದು ತೆಗೆಯಿರಿ.

ಕೈ ಪಳಗದವರಿಗೆ ಇನ್ನೊಂದು ಸುಲಭ ಮಾರ್ಗವಿದೆ. ಬೆನ್ನೆಲುಬಿನ ಎರಡೂ ಪಕ್ಕದಲ್ಲಿ ಕತ್ತರಿಯಿಂದ ಕತ್ತರಿಸಿ ಹಕ್ಕಿಯನ್ನು ಪುಸ್ತಕದಂತೆ ತೆರೆದರೆ ಒಳಗಿರುವುದೆಲ್ಲ ಕಣ್ಣಿಗೆ ಕಾಣುತ್ತದೆ.

ಗುಂಡಿಗೆ ಮತ್ತು ಲಿವರ್ ತಿನ್ನಲು ಯೋಗ್ಯ. ಕಾಳು ಅರೆಯುವ ಗಟ್ಟಿ ಹೊಟ್ಟೆಯನ್ನು ಸೀಳಿ, ಒಳಗಿನ ಕಲ್ಲು ಮಣ್ಣು ತೊಳೆದು, ಹಳದಿ ಪೊರೆ ಸುಲಿದು ಬಳಸಬಹುದು. ಲಿವರ್ ಮೇಲೆ ಬಿಳಿ ಚುಕ್ಕೆಗಳಿದ್ದರೆ ಅಥವಾ ದುರ್ವಾಸನೆ ಬಂದರೆ ಆ ಹಕ್ಕಿಯನ್ನೇ ಬಿಡುವುದು ಒಳ್ಳೆಯದು.

ತಣಿಸುವುದು ಮತ್ತು ಇಡುವುದು

ಶುಚಿಯಾದ ಹಕ್ಕಿಯನ್ನು ತಡಮಾಡದೆ ಮಂಜುಗಡ್ಡೆ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ನೀರು ಬಸಿದು, ಶುದ್ಧ ಚೀಲದಲ್ಲಿ ಕಟ್ಟಬೇಕು. ರೆಫ್ರಿಜರೇಟರಿನಲ್ಲಿ 4 ಡಿಗ್ರಿಗಿಂತ ಕೆಳಗೆ ಒಂದೆರಡು ದಿನ ಇಡಬಹುದು. ಮಂಜುಗಡ್ಡೆಯಾಗಲಿ ರೆಫ್ರಿಜರೇಟರಾಗಲಿ ಇಲ್ಲದಿದ್ದರೆ ಎರಡು ಗಂಟೆಯೊಳಗೆ ಒಲೆಗೆ ಹಾಕಿ. ಬೇಯಿಸುವಾಗ ತೊಡೆಯ ಕೀಲಿನ ಬಳಿ ಕೆಂಪು ರಸ ಕಾಣದಷ್ಟು ಬೇಯಬೇಕು. ಹಸಿ ಮಾಂಸ ಮುಟ್ಟಿದ ಚಾಕು, ಹಲಗೆಗಳಿಂದ ತೊಳೆಯದೆ ತರಕಾರಿ ಹೆಚ್ಚಬಾರದು.

ಎಚ್ಚರಿಕೆ

ಗೂಡಿನಲ್ಲಿ ಹಕ್ಕಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದರೆ ಅವನ್ನು ಕೊಯ್ಯುವುದಾಗಲಿ ಮಾರುವುದಾಗಲಿ ಮಾಡದೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು. ಹಕ್ಕಿಜ್ವರ ಮನುಷ್ಯರಿಗೂ ತಗಲಬಲ್ಲದು. ಪುಕ್ಕ, ಕರುಳುಗಳನ್ನು ನಾಯಿಗೆ ಎಸೆಯದೆ, ಬಾವಿಯಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ, ಸುಣ್ಣ ಚೆಲ್ಲಿ ಮುಚ್ಚಿ.

ಮೊದಲ ದಿನ ಎರಡೇ ಹಕ್ಕಿಯಿಂದ ಅಭ್ಯಾಸ ಮಾಡಿ. ಮನೆಯಲ್ಲಿ ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪುಕ್ಕ ಎಳೆಯುವ ಅವರ ಬೆರಳುಗಳನ್ನು ನೋಡಿ ಕಲಿಯುವುದು ಓದಿ ಕಲಿಯುವುದಕ್ಕಿಂತ ಸುಲಭ. ಬದುವಿನ ಹಕ್ಕಿ ಹುಳು ಹೆಕ್ಕುತ್ತಾ ಬದುವಿನಲ್ಲಿಯೇ ಇರಲಿ, ಸಾರಿಗೆ ಗೂಡಿನ ಹಕ್ಕಿ ಸಾಕು.