ಉಡುಪಿಗೆ ಲೈನಿಂಗ್ ಬೇಕೋ, ಪಟ್ಟಿ ಸಾಕೋ?

ಹಬ್ಬ ಹತ್ತಿರ ಬಂದಾಗ ಬಟ್ಟೆ ಹಿಡಿದು ಟೈಲರ್ ಬಳಿ ಹೋದರೆ ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, "ಲೈನಿಂಗ್ ಹಾಕಬೇಕಾ?" ನಾವು ಹೆಚ್ಚು ಯೋಚಿಸದೆ "ಹಾಕಿ" ಎಂದುಬಿಡುತ್ತೇವೆ. ಮೈ ಕಾಣಿಸದು, ಹೊಲಿಗೆಯೂ ಅಚ್ಚುಕಟ್ಟಾಗಿರುತ್ತದೆ ಎಂಬ ಸಮಾಧಾನ ನಮ್ಮದು. ಆದರೆ ಮಂಗಳೂರಿನಂಥ ಊರಿನಲ್ಲಿ ಇದು ಅಂದದ ಪ್ರಶ್ನೆ ಮಾತ್ರವಲ್ಲ, ಚರ್ಮದ ಆರೋಗ್ಯದ ಪ್ರಶ್ನೆಯೂ ಹೌದು.

ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬೆವರು ಆರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ. ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಹೊರಗೆ ಹೋಗುವಾಗ ಉಡುಪಿನ ಮೇಲೆ ಬುರ್ಖಾ ಬೇರೆ. ಒಳಗೊಂದು ಲೈನಿಂಗ್ ಇದ್ದರೆ ಎದೆ, ಬೆನ್ನು, ಕಂಕುಳಿನ ಮೇಲೆ ಮೂರು ಪದರ ಬಟ್ಟೆಯಾಯಿತು. ಬೆವರಿನ ನಾಳಗಳು ಕಟ್ಟಿಕೊಂಡು ಬೆವರು ಚರ್ಮದೊಳಗೇ ಉಳಿದಾಗ ಬೆವರುಸಾಲೆ ಏಳುತ್ತದೆ. ತೇವ ಮತ್ತು ಬಿಸಿ ಒಟ್ಟಾದ ಮಡಿಕೆಗಳಲ್ಲಿ ಗಜಕರ್ಣದಂಥ ಶಿಲೀಂಧ್ರ ಸೋಂಕು ಸುಲಭವಾಗಿ ಹರಡುತ್ತದೆ.

ಎರಡಕ್ಕೂ ಇರುವ ವ್ಯತ್ಯಾಸ

ಲೈನಿಂಗ್ ಎಂದರೆ ಉಡುಪಿನ ಮೇಲ್ಭಾಗದಷ್ಟೇ ಅಳತೆಯ ಇನ್ನೊಂದು ಬಟ್ಟೆಯನ್ನು ಒಳಗೆ ಸೇರಿಸಿ ಹೊಲಿಯುವುದು. ಪಟ್ಟಿ, ಅಂದರೆ ಫೇಸಿಂಗ್, ಕುತ್ತಿಗೆ ಮತ್ತು ತೋಳಿನ ಅಂಚಿಗೆ ಮಾತ್ರ. ಅದೇ ಬಟ್ಟೆಯಲ್ಲಿ, ಅದೇ ಆಕಾರದಲ್ಲಿ, ಎರಡರಿಂದ ಎರಡೂವರೆ ಇಂಚು ಅಗಲದ ತುಂಡು ಕತ್ತರಿಸಿ ಅಂಚಿಗೆ ಹೊಲಿದು ಒಳಕ್ಕೆ ಮಡಚುತ್ತಾರೆ. ಉಳಿದ ಕಡೆ ಮೈಗೆ ಒಂದೇ ಪದರ. ಗಾಳಿ ಆಡುತ್ತದೆ, ಒಗೆದರೆ ಬೇಗ ಒಣಗುತ್ತದೆ.

ಮೂರು ಪರೀಕ್ಷೆ

ಮೊದಲನೆಯದು, ಬಟ್ಟೆ ಪಾರದರ್ಶಕವೇ? ಮನೆಯಲ್ಲಿ ಕಿಟಕಿಯ ಬಳಿ ನಿಂತು ಒಂದು ಪದರ ಬಟ್ಟೆಯನ್ನು ಪತ್ರಿಕೆಯ ಮೇಲೆ ಹರಡಿ. ಅಕ್ಷರ ಓದಲು ಬಂದರೆ ಒಳಗೆ ಇನ್ನೊಂದು ಪದರ ಬೇಕೇ ಬೇಕು. ನಮಾಝಿಗೆ ಧರಿಸುವ ಉಡುಪಿನಲ್ಲಂತೂ ಈ ವಿಷಯದಲ್ಲಿ ರಾಜಿ ಇಲ್ಲ.

ಎರಡನೆಯದು, ಒಳಭಾಗ ಚುಚ್ಚುತ್ತದೆಯೇ? ಜರಿ, ಕಸೂತಿ, ಮಣಿ ಕೆಲಸದ ಹಿಂಬದಿಯನ್ನು ನಿಮ್ಮ ಮುಂಗೈಯ ಒಳಭಾಗಕ್ಕೆ ಉಜ್ಜಿ ನೋಡಿ. ನಿಮಗೇ ಉರಿದರೆ ಮಗುವಿನ ಚರ್ಮ ತಡೆಯದು. ಲೈನಿಂಗ್ ಹಾಕಿಸಿ.

ಮೂರನೆಯದು, ಇದು ವಾರಕ್ಕೆಷ್ಟು ಸಲ ಒಗೆಯುವ ಉಡುಪು? ದಿನಬಳಕೆಯ, ಶಾಲೆ ಮದ್ರಸಾಕ್ಕೆ ಹೋಗುವ ಮಕ್ಕಳ ಉಡುಪು ದಪ್ಪ ಹತ್ತಿಯದಾಗಿದ್ದರೆ ಪಟ್ಟಿಯೇ ಸಾಕು.

ಲೈನಿಂಗ್ ಹಾಕಿಸುವುದಾದರೆ

ನಯವಾಗಿ ಹೊಳೆಯುವ ಅಗ್ಗದ ಲೈನಿಂಗ್ ಹೆಚ್ಚಾಗಿ ಪಾಲಿಯೆಸ್ಟರ್. ಗಾಳಿಯಲ್ಲಿರುವ ತೇವವನ್ನು ನೂರು ಗ್ರಾಂ ಹತ್ತಿ ಸುಮಾರು 8 ಗ್ರಾಂ ಹೀರಿಕೊಂಡರೆ, ಅಷ್ಟೇ ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಬೆವರು ಮೈಮೇಲೆಯೇ ಉಳಿಯುತ್ತದೆ. ಆದ್ದರಿಂದ ತೆಳುವಾದ ಹತ್ತಿಯನ್ನೇ, ಉದಾಹರಣೆಗೆ ಮಲ್‌ಮಲ್ ಬಟ್ಟೆಯನ್ನು, ಕೇಳಿ. ಹತ್ತಿ ಕುಗ್ಗುತ್ತದೆ. ಕತ್ತರಿಸುವ ಮುನ್ನ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಕೊಡಿ. ಇಲ್ಲವಾದರೆ ಮೊದಲ ಒಗೆತಕ್ಕೇ ಒಳಗಿನ ಬಟ್ಟೆ ಹೊರಗಿನದನ್ನು ಎಳೆಯುತ್ತದೆ.

ಹತ್ತಿಗೂ ಒಂದು ತೊಂದರೆ ಇದೆ. ಮಳೆಗಾಲದಲ್ಲಿ ಎರಡು ಪದರದ ಹತ್ತಿ ಉಡುಪು ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಬರುತ್ತದೆ. ಇದಕ್ಕೆ ನಮ್ಮ ತಾಯಂದಿರು ಕಂಡುಕೊಂಡ ಉಪಾಯವೇ ಇಂದಿಗೂ ಒಳ್ಳೆಯದು: ಉಡುಪಿಗೆ ಪಟ್ಟಿ ಮಾತ್ರ ಹಾಕಿಸಿ, ಒಳಗೆ ಧರಿಸಲು ಹತ್ತಿಯ ಶಿಮ್ಮೀಸ್ ಬೇರೆಯಾಗಿ ಹೊಲಿಸಿ. ಎರಡನ್ನೂ ಬೇರೆ ಬೇರೆಯಾಗಿ ಒಣಗಿಸಬಹುದು. ಶಿಮ್ಮೀಸನ್ನು ದಿನವೂ ಬದಲಿಸಬಹುದು.

ತೋಳಿಗೆ ಸಾಧ್ಯವಾದಷ್ಟು ಲೈನಿಂಗ್ ಬೇಡ. ವುಝೂ ಮಾಡುವಾಗ ಮೊಣಕೈವರೆಗೆ ಮಡಚಲು ಬಿಗಿಯಾಗುತ್ತದೆ, ಒದ್ದೆಯಾದರೆ ಗಂಟೆಗಟ್ಟಲೆ ಆರುವುದಿಲ್ಲ. ಬಟ್ಟೆ ತೀರಾ ತೆಳುವಾಗಿದ್ದರೆ ತೋಳನ್ನು ಸಡಿಲವಾಗಿ ಹೊಲಿಸಿ.

ಪಟ್ಟಿ ಹೊರಗೆ ಇಣುಕದಿರಲು

ಮನೆಯಲ್ಲೇ ಹೊಲಿಯುವವರು ಗಮನಿಸಿ. ಕುತ್ತಿಗೆಯ ಸುತ್ತ ಹೊಲಿದ ಮೇಲೆ, ಹೊಲಿಗೆಗೆ ತಾಗದಂತೆ ಅರ್ಧ ಇಂಚಿಗೊಂದರಂತೆ ಸಣ್ಣ ಕಚ್ಚು ಹಾಕಿ. ಅಂಚಿನ ಬಟ್ಟೆಯನ್ನು ಪಟ್ಟಿಯ ಕಡೆಗೆ ಬಾಗಿಸಿ, ಪಟ್ಟಿಯ ಮೇಲೆ ಹೊಲಿಗೆಯ ಪಕ್ಕದಲ್ಲೇ ಇನ್ನೊಂದು ಸಾಲು ಹೊಲಿಯಿರಿ. ನಂತರ ಒಳಕ್ಕೆ ಮಡಚಿ ಭುಜದ ಹೊಲಿಗೆಗೆ ಕೈಹೊಲಿಗೆ ಹಾಕಿ. ಪಟ್ಟಿಯ ಕೆಳ ಅಂಚಿಗೆ ಓವರ್‌ಲಾಕ್ ಮಾಡಿಸಿ. ಬಿಟ್ಟ ಎಳೆಗಳೇ ಮಕ್ಕಳ ಕುತ್ತಿಗೆಯನ್ನು ಕೆರೆಯುವುದು. ಗಡಸು ಕ್ಯಾನ್ವಾಸ್ ಬೇಡ.

ಇಷ್ಟಾಗಿಯೂ ತುರಿಕೆ ಉಳಿದರೆ ಬಟ್ಟೆಯನ್ನಷ್ಟೇ ದೂರಬೇಡಿ. ಅಂಗಡಿಯಿಂದ ಯಾವುದೋ ಮುಲಾಮು ತಂದು ಹಚ್ಚಬೇಡಿ. ಸ್ಟೆರಾಯ್ಡ್ ಬೆರೆತ ಮುಲಾಮು ಶಿಲೀಂಧ್ರ ಸೋಂಕನ್ನು ಇನ್ನಷ್ಟು ಹಬ್ಬಿಸುತ್ತದೆ. ಚರ್ಮದ ವೈದ್ಯರಿಗೆ ತೋರಿಸಿ. ಸೋಂಕಿದ್ದವರ ಬಟ್ಟೆ, ಟವೆಲನ್ನು ಮನೆಯ ಇತರರು ಬಳಸದಿರಲಿ.

ಮುಂದಿನ ಸಲ ಟೈಲರ್ ಕೇಳಿದಾಗ ಒಂದು ಕ್ಷಣ ತಡೆದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಬೇಕಾದಲ್ಲಿ ಹತ್ತಿಯ ಲೈನಿಂಗ್, ಬೇಡವಾದಲ್ಲಿ ಪಟ್ಟಿ. ಮೈ ಮುಚ್ಚಲಿ, ಮೈ ಉಸಿರಾಡಲಿ.